ಕಸ್ತೂರಿಯ ಹೊಟ್ಟೆಯ ಹೊಳಪು

ಜೂನ್ ೧೨, ಗುರುವಾರ. ರೋಣ, ಪಶು ಆಸ್ಪತ್ರೆ
ಬೆಳಿಗ್ಗೆ ಯಾವಗಲ್ ಊರಿನ ಎರಡು ಎಮ್ಮೆ, ಒಂದು ಆಡು. ಆಮೇಲೆ ಗಜೇಂದ್ರಗಡದಿಂದ ಶಂಕ್ರವ್ವ, ಮಡಿಲಲ್ಲಿ ಕರಿ ನಾಯಿ. ಸೀರೆ ನೇಯುವವರು. ನಾಯಿ ದಿನವಿಡೀ ಮಗ್ಗದ ಪಕ್ಕದಲ್ಲೇ ಮಲಗುತ್ತದಂತೆ. ಹೆಸರು ಕಸ್ತೂರಿ.
ಹೋದ ಸಲ ಬಂದಾಗ ಕಳಿಸಿದ್ದ ಬಯಾಪ್ಸಿಯ ರಿಪೋರ್ಟ್ ಬಂದಿದೆ — ಮೊಲೆಯ ಗಡ್ಡೆ ಕ್ಯಾನ್ಸರೇ. ಚರ್ಮ ಒಡೆದು ಹುಣ್ಣಾಗಿದೆ. ಎದೆಯ ಎಕ್ಸ್‌ರೇ ಸ್ವಚ್ಛ. ಎಷ್ಟು ಅಗಲ ಕತ್ತರಿಸಲಿ? ಬೆರಳಿಗೆ ಸಿಗುವುದಷ್ಟೇ ರೋಗವಲ್ಲ.
ಮುಕುಂದನಿಗೆ ಫೋನ್ ಮಾಡಿದೆ. ಕಾಲೇಜಿನ ಸಹಪಾಠಿ, ಈಗ ರಿಸರ್ಚ್‌ನಲ್ಲಿದ್ದಾನೆ. ಅವನದೊಂದು ದ್ರವ: ಸಿಂಪಡಿಸಿದರೆ ಕ್ಯಾನ್ಸರ್ ಇದ್ದಲ್ಲಿ ಮಾತ್ರ ನೀಲಿ ದೀಪಕ್ಕೆ ಹಸಿರಾಗಿ ಹೊಳೆಯುತ್ತದೆ. ಇಲಿಗಳಲ್ಲಿ ಆಗಿದೆ, ಈಗ ನಾಯಿಗಳಲ್ಲಿ ಟ್ರಯಲ್. ಶಂಕ್ರವ್ವ ಒಪ್ಪಿ ಸಹಿ ಹಾಕಿದರು.

ಜೂನ್ ೧೯, ಸಂಜೆ
ಬರೆಯಲು ನಾಚಿಕೆ. ಆದರೂ.
ಹೊಟ್ಟೆ ತೊಳೆಸಿ, ಮಂಪರು ಕೊಟ್ಟು, ಪರದೆ ಎಳೆದು ಸಿಂಪಡಿಸಿದೆ. ಐದು ನಿಮಿಷ. ದೀಪ ಹಿಡಿದರೆ — ಇಡೀ ಹೊಟ್ಟೆ ಹೊಳೆಯಿತು.
ಕಂಪೌಂಡರ್ ಟಿಪ್ಪುಸಾಬ: "ಡಾಕ್ಟರ್ ಬಾಯಾರ, ಇದೇನ್ರಿ, ದೀಪಾವಳಿ ಆತಲ್ಲ!"
ಇಷ್ಟು ಹಬ್ಬಿದ್ದರೆ ಆಪರೇಶನ್ ಇಲ್ಲ. ಹೊರಗೆ ಶಂಕ್ರವ್ವನ ಬಳಿ ಬಂದೆ. ಮನಸ್ಸಿನಲ್ಲಿ ವಾಕ್ಯ ಇಂಗ್ಲಿಷಿನಲ್ಲೇ ಸಿದ್ಧವಾಗಿತ್ತು. ಬಾಯಿಗೆ ಬಂದದ್ದು ಇಷ್ಟು: "ಭಾಳ ಹಬ್ಬೇತ್ರಿ. ಇನ್ನ ಅದಕ್ಕ ತ್ರಾಸ ಕೊಡೂದು ಬ್ಯಾಡ."
"ಸೂಜಿ ಮಾಡಿ ಕಾಯಂ ಮಲಗಿಸಿ ಬಿಡ್ತೀರೇನ್ರಿ?"
ಹೌದೆಂದು ತಲೆಯಾಡಿಸಿದೆ.
ಸೆರಗಿನಿಂದ ಕಣ್ಣೊರೆಸಿಕೊಂಡರು. "ದಿನಾ ಹೊಟ್ಟಿ ತುಂಬ ಅರಿಶಿಣ ಹಚ್ಚೇನ್ರಿ. ಮುಂಜಾನಿನೂ ಹಚ್ಚೀನಿ. ಏನೂ ಉಪಯೋಗ ಆಗ್ಲಿಲ್ಲ ನೋಡ್ರಿ."
ಅರಿಶಿನ. ನೀಲಿ ದೀಪಕ್ಕೆ ಅದೂ ಹೊಳೆಯುತ್ತದೆ. ಕರಿ ಚರ್ಮದ ಮೇಲೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದ್ರವ ಹಾಕುವ ಮೊದಲೊಮ್ಮೆ ದೀಪ ಹಿಡಿದು ನೋಡಬೇಕಿತ್ತು. ಮುಕುಂದ ಹೇಳಿಯೂ ಇದ್ದ. ನೋಡಲಿಲ್ಲ... ಅವಸರವೇ? ಗರ್ವವೇ? ಹೊಳೆದದ್ದು ಅರಿಶಿನವೇ ಇರಬೇಕೆಂದು ಇಬ್ಬರಿಗೂ ಹೇಳಿದೆ.
"ನೀರ್ಲೆ ತೊಳದೇನಲ್ರಿ," ಎಂದರು ಟಿಪ್ಪುಸಾಬ.
"ಅರಿಶಿಣ ನೀರಿಗೆ ಹೋಗ್ತೈತೇನ್ರಿ ಸಾಬ? ಹೆಂಗಸರನ್ನ ಕೇಳಬೇಕಿತ್ತಲ್ರಿ. ಎಣ್ಣಿ ತರ್ರಿ."
ಹುಣ್ಣು ಬಿಟ್ಟು ಸುತ್ತಲೂ ಶಂಕ್ರವ್ವ ತಾವೇ ಕೊಬ್ಬರಿ ಎಣ್ಣೆ ಸವರಿ, ಒರೆಸಿದರು. ದಾರ ಬಿಡಿಸುವ ಬೆರಳು, ಅವಸರವಿಲ್ಲ.

ಜೂನ್ ೨೧
ಮತ್ತೆ ಮಂಪರು. ಹೊಟ್ಟೆಗೆ ಮೊದಲು ಬರೀ ದೀಪ. ಕತ್ತಲು. ಆಮೇಲೆ ದ್ರವ. ಗಡ್ಡೆ, ಅದರ ಸುತ್ತ ಎರಡು ಬೆರಳಗಲ — ಅಷ್ಟೇ ಹಸಿರು.
ಕತ್ತರಿಸಿದೆ. ಗಾಯದ ಅಂಚಿಗೆ ಮತ್ತೆ ಸಿಂಪಡಿಸಿದೆ. ಒಂದು ಜೋಳದ ಕಾಳಿನಷ್ಟು ಹೊಳಪು. ಬೆರಳಿಗೆ ಸಿಗದ್ದು. ಅದನ್ನೂ ತೆಗೆದೆ.

ಜುಲೈ ೩
ಲ್ಯಾಬ್ ರಿಪೋರ್ಟ್. ಆ ಕಾಳೂ ಕ್ಯಾನ್ಸರೇ.
ಮುಕುಂದನ ದ್ರವಕ್ಕೆ ಋಣಿ. ಅದಕ್ಕಿಂತ ಹೆಚ್ಚು, ಅಳುತ್ತಲೇ ಅರಿಶಿನದ ಮಾತೆತ್ತಿದ ಆ ಬಾಯಿಗೆ. ಎತ್ತದಿದ್ದರೆ? ಸೂಜಿ ಅಂದೇ ಮಾಡುತ್ತಿದ್ದೆ. ಮತ್ತು ಸರಿಯೇ ಮಾಡಿದೆ ಎಂದುಕೊಳ್ಳುತ್ತಿದ್ದೆ.

ಸೆಪ್ಟೆಂಬರ್ ೨೫
ಕಸ್ತೂರಿ ನಡೆದೇ ಒಳಬಂದಳು. ಗಡ್ಡೆ ಇಲ್ಲ. ಎಕ್ಸ್‌ರೇ ಸ್ವಚ್ಛ.
"ಆ ನೀಲಿ ದೀಪ ಒಮ್ಮಿ ಹಚ್ರಿ ಬಾಯಾರ. ಕಣ್ಣಾರೆ ನೋಡ್ತೇನಿ."
ದ್ರವವಿಲ್ಲದೆ ಅದು ಏನನ್ನೂ ಹೇಳದು. ಆ ಮಾತನ್ನು ಹೇಳಬೇಕಿತ್ತೇ? ಹೇಳದೆ ಪರದೆ ಎಳೆದೆ, ಹಚ್ಚಿದೆ.
ನಾಯಿಯ ಹೊಟ್ಟೆ ಕತ್ತಲು. ಅದರ ಮೇಲೆ ಬಾಗಿದ ಶಂಕ್ರವ್ವನ ಗಲ್ಲ ಮಾತ್ರ, ಮುಂಜಾನೆ ಹಚ್ಚಿಕೊಂಡ ಅರಿಶಿನಕ್ಕೆ ಹೊಳೆಯಿತು.