ಕಣಿವೆಯ ಡ್ರಮ್ಮಿನ ಪೆಟ್ರೋಲು

ಭೋಸರಿ, ಪುಣೆ
೪ ಅಕ್ಟೋಬರ್ ೨೦೦೪, ಸೋಮವಾರ

ಚನ್ನವೀರ ಅವರಿಗೆ ಶಿವಾನಿಯ ಶರಣು.

ಆ ಕಣಿವೆಗೆ ಎಂದೂ ತಲುಪದ ಪೆಟ್ರೋಲನ್ನು ಹಾಕಿ ಗಾಡಿ ಓಡಿಸಿ ತೋರಿಸಿದ್ದು ಮೋಸ. ಇದಕ್ಕಿಂತ ಮೆತ್ತಗಿನ ಮಾತು ಹುಡುಕಿದೆ, ಸಿಗಲಿಲ್ಲ. ನೀವು ಹಡಪಸರದ ಅಕ್ಕನ ಮನೆಯಲ್ಲಿ ಎಷ್ಟು ದಿನ ಮುನಿಸಿಕೊಂಡು ಕೂತರೂ ಆ ಮಾತು ಬದಲಾಗುವುದಿಲ್ಲ. ಆದರೆ ಬೈಯುವುದಕ್ಕೆಂದು ಈ ಪತ್ರ ಬರೆಯುತ್ತಿಲ್ಲ. ಗಾಡಿ ಈಗ ಯಾವ ಪೆಟ್ರೋಲಿಗೆ ಓಡುತ್ತದೆ ಎಂದು ಹೇಳಿಕೊಳ್ಳಲು ಬರೆಯುತ್ತಿದ್ದೇನೆ. ನನಗೆ ಜಂಬ ಬಂದಿದೆ. ಅದನ್ನು ಮುಚ್ಚಿಡುವ ಮನಸ್ಸಿಲ್ಲ.

ಮೊದಲು ನಿಮ್ಮ ಕೆಲಸದ ಮಾತು. ಅದನ್ನು ನಾನು ಯಾರ ಎದುರಿಗೂ ಕಡಿಮೆ ಮಾಡಿ ಹೇಳಿಲ್ಲ. ಆ ಹಿಮದ ಕಣಿವೆಯಲ್ಲಿ ಆಸ್ಪತ್ರೆ ನಡೆಸುವ ಡಾಕ್ಟರ್ ಮಾಧುರಿಯವರ ಟ್ರಸ್ಟಿಗೆ ಪರದೇಶದವರು ದಾನ ಕೊಟ್ಟ ಹಿಮದ ಸ್ಕೂಟರು ಮುಂಬೈ ಬಂದರಿನಿಂದ ನಮ್ಮ ಶೆಡ್ಡಿಗೆ ಬಂದಾಗ ಅದರ ಇಂಜಿನ್ ಜಾಮ್ ಆಗಿತ್ತು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲವಾದ ರಬ್ಬರು ಬೆಲ್ಟು. ಚಕ್ರವಿಲ್ಲದ ಗಾಡಿಯನ್ನು ಭೋಸರಿಯಲ್ಲಿ ಯಾರೂ ಕಂಡಿರಲಿಲ್ಲ. ಇದರ ಪಿಸ್ಟನ್ ಈ ದೇಶದಲ್ಲೇ ಸಿಗುವುದಿಲ್ಲ ಎಂದು ದೊಡ್ಡ ದೊಡ್ಡ ಗ್ಯಾರೇಜಿನವರು ಕೈಮುಗಿದಿದ್ದರು. ನೀವು ಇಲ್ಲಿನ ಬೈಕಿನ ಪಿಸ್ಟನ್ ತಂದು, ಅದಕ್ಕೆ ತಕ್ಕಂತೆ ಸಿಲಿಂಡರು ಕೊರೆಸಿ, ಸತ್ತ ಇಂಜಿನ್ನಿಗೆ ಜೀವ ಕೊಟ್ಟಿರಿ. ಅಂದು ನಾನು ಸಾಲಿನ ಶೆಡ್ಡುಗಳಿಗೆಲ್ಲ ಪೇಡೆ ಹಂಚಿ, ಇದು ನನ್ನ ಗಂಡನ ಕೈಕೆಲಸ ಎಂದು ಹೇಳಿ ಬಂದೆ.

ಅಲ್ಲಿಗೆ ನಿಲ್ಲಿಸಿದ್ದರೆ! ಇನ್ನಷ್ಟು ಜೋರು ಬೇಕೆಂದು ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡನ್ನು ಪಕ್ಕದ ಗುರಣ್ಣನ ಲೇತಿಗೆ ಹಾಕಿ ಕೆರೆಸಿದಿರಿ. ಹೆಡ್ಡು ಕೆರೆಸಿದರೆ ಒಳಗಿನ ಜಾಗ ಚಿಕ್ಕದಾಗುತ್ತದೆ, ಒತ್ತಡ ಏರುತ್ತದೆ. ಎಂಬತ್ತೆಂಟು ಆಕ್ಟೇನಿನ ಸಾದಾ ಪೆಟ್ರೋಲು ಆ ಒತ್ತಡ ತಾಳದೆ, ಕಿಡಿಯ ಉರಿ ಬಂದು ಮುಟ್ಟುವ ಮೊದಲೇ ತಾನಾಗಿ ಸಿಡಿಯುತ್ತದೆ. ಟಕ್ ಟಕ್ ಎಂದು ಒಳಗೇ ಬಡಿದು ಕೊನೆಗೆ ಪಿಸ್ಟನ್ನಿಗೆ ತೂತು ಬೀಳುತ್ತದೆ. ಇದೆಲ್ಲ ನನಗಿಂತ ಮೊದಲೇ ನಿಮಗೆ ಗೊತ್ತಿತ್ತು. ಅದಕ್ಕೇ ವಿಮಾನ ನಗರದ ಪಂಪಿನಿಂದ ತೊಂಬತ್ತಮೂರರ ದುಬಾರಿ ಪೆಟ್ರೋಲನ್ನು ಕ್ಯಾನಿನಲ್ಲಿ ತಂದು, ಡಾಕ್ಟರ ಮುಂದೆ ಗಾಡಿಯನ್ನು ಗರ್ರೆನಿಸಿದಿರಿ. ಟ್ಯಾಂಕಿನ ಮೇಲೆ ‘ತೊಂಬತ್ತಮೂರು ಮಾತ್ರ’ ಎಂದು ಚೀಟಿ ಅಂಟಿಸಿ ಕೈ ತೊಳೆದುಕೊಂಡಿರಿ.

ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಆ ಕಣಿವೆಗೆ ಚಳಿಗಾಲ ಮುಗಿಯುವವರೆಗೆ ಟ್ಯಾಂಕರು ಹತ್ತುವುದಿಲ್ಲ. ಮೊದಲೇ ತುಂಬಿಟ್ಟ ಡ್ರಮ್ಮುಗಳೇ ಗತಿ. ಅದರಲ್ಲಿರುವುದು ಸಾದಾ ಪೆಟ್ರೋಲು, ಅದಕ್ಕೂ ದಾರಿಯಲ್ಲಿ ಯಾರೋ ಸೀಮೆಎಣ್ಣೆ ಬೆರೆಸಿರುತ್ತಾರೆ. ಹೆರಿಗೆ ನೋವು ತಿನ್ನುವವಳನ್ನು ಹಿಂದೆ ಕೂರಿಸಿಕೊಂಡು ಹೊರಟ ನರ್ಸು ನಡುದಾರಿಯಲ್ಲಿ ಇಂಜಿನ್ ಕೆಟ್ಟು ನಿಂತರೆ, ನಿಮ್ಮ ಚೀಟಿ ಓದುತ್ತ ಕೂರಬೇಕೇ? ಡಾಕ್ಟರ ಎದುರು ಮರಾಠಿಯಲ್ಲಿ ನಾನು ಕೇಳಿದ್ದು ಇಷ್ಟೇ. ನೀವು ನನ್ನ ಕಡೆ ತಿರುಗಿ, “ಪಾಂಪ್ಲೆಟ್ ಓದಿ ಇಂಜಿನ್ ಬಿಚ್ಚಾಕಿ ಬಂದ್ಲು ನೋಡ್ರಿ! ಇಕಿ ಇರೂತನಕ ನಾ ಪಾನಾ ಮುಟ್ಟಂಗಿಲ್ಲ” ಎಂದು ಕೈಯಲ್ಲಿದ್ದ ಸ್ಪ್ಯಾನರು ಎಸೆದು ಹೊರಟುಹೋದಿರಿ.

ಹೌದು, ಪಾಂಪ್ಲೆಟ್ ಓದಿದವಳೇ ನಾನು. ಕಾಲೇಜಿನ ಮೆಟ್ಟಿಲು ಹತ್ತಲು ಆಗಲಿಲ್ಲ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರು ಏನು ಹಂಚಿದರೂ ಬಿಸಾಡದೆ ಓದಿದ್ದೇನೆ. ದುಬಾರಿ ಪೆಟ್ರೋಲು ಹಾಕಿದರೆ ಯಾವ ಗಾಡಿಗಾದರೂ ಬಲ ಹೆಚ್ಚುತ್ತದೆ ಎಂದು ಮಾರುವವರ ಹಾಳೆ ಹೇಳುತ್ತದೆ. ಗ್ರಾಹಕರ ಸಂಘದವರ ಹಾಳೆ ಅದನ್ನು ಸುಳ್ಳೆನ್ನುತ್ತದೆ. ಆಕ್ಟೇನ್ ಅನ್ನುವುದು ಪೆಟ್ರೋಲಿನ ತಾಳಿಕೆಯ ಅಳತೆ, ಎಷ್ಟು ಅದುಮಿದರೂ ಸಿಡಿಯದೆ ಇರುವ ಗುಣ. ಅದುಮುವುದನ್ನೇ ಕಡಿಮೆ ಮಾಡಿದರೆ ಸಾದಾ ಪೆಟ್ರೋಲಿಗೂ ಮಾನ ಉಳಿಯುತ್ತದೆ. ಉಳ್ಳವರ ಪಂಪಿಗೆ ತಕ್ಕ ಇಂಜಿನ್ನನ್ನು ಯಾರಾದರೂ ಕಟ್ಟಿಯಾರು. ಇಲ್ಲದವರ ಡ್ರಮ್ಮಿಗೆ ತಕ್ಕ ಇಂಜಿನ್ ಭೋಸರಿಯ ನಮ್ಮ ಶೆಡ್ಡಿನಿಂದಲೇ ಹೋಗಬೇಕೆಂದು ನನ್ನ ಹಟ.

ನೀವು ಹೋದ ಮರುದಿನವೇ ಹೆಡ್ಡು ಬಿಚ್ಚಿದೆ. ಕೆರೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲವಲ್ಲ, ಅದಕ್ಕೆ ಹೆಡ್ಡಿನ ಕೆಳಗೆ ಕೂರಿಸಿ ಒಳಗಿನ ಜಾಗ ಹಿಗ್ಗಿಸಲು ಸಿಲಿಂಡರಿಗೆರಡರಂತೆ ತಾಮ್ರದ ದಪ್ಪ ಪ್ಯಾಕಿಂಗ್ ಮಾಡಿಕೊಡಿ ಎಂದು ಗುರಣ್ಣನ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ, “ಯವ್ವಾ, ಗಂಡ ಕೆರಸ್ತಾನ, ಹೆಂಡತಿ ತುಂಬಸ್ತಾಳ. ನಿಮ್ಮಿಬ್ಬರ ಜಗಳದಾಗ ಸವಿಯೂದು ನನ್ನ ಲೇತು” ಎಂದು ನಕ್ಕರು. ಆದರೂ ಕತ್ತರಿಸಿ ಕೊಟ್ಟರು.

ಎರಡೆರಡು ಪ್ಯಾಕಿಂಗ್ ಹಾಕಿದ್ದರೆ ಇಂಜಿನ್ ಪೂರ್ತಿ ಮೊದಲಿನಂತಾಗುತ್ತಿತ್ತು. ಹಾಕಲು ಕೈ ಬರಲಿಲ್ಲ. ಜಗಳದ ನಡುವೆ ನೀವು, “ಅಷ್ಟು ಎತ್ತರದಾಗ ಗಾಳೀನ ತೆಳ್ಳಗ ಅದ, ಒತ್ತಡ ತಾನ ಇಳೀತದ” ಎಂದಿದ್ದಿರಿ. ಆಗ ನೆವ ಹೇಳುತ್ತಿದ್ದೀರಿ ಎಂದುಕೊಂಡೆ. ಆಮೇಲೆ ಡಾಕ್ಟರ ಹತ್ತಿರವಿದ್ದ ಗಾಡಿಯ ಇಂಗ್ಲಿಷ್ ಪುಸ್ತಕವನ್ನು ಅವರಿಂದಲೇ ಓದಿಸಿ ಕೇಳಿದೆ. ನೀವು ಹೇಳಿದ್ದು ನಿಜ. ಎತ್ತರದಲ್ಲಿ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಆದ್ದರಿಂದ ಕಡಿಮೆ ಆಕ್ಟೇನೂ ನಡೆಯುತ್ತದೆ. ಹಾಗಾಗಿ ಒಂದೊಂದೇ ಪ್ಯಾಕಿಂಗ್ ಹಾಕಿದೆ. ನೀವು ಕೂಡಿಸಿದ ಜೋರಿನಲ್ಲಿ ಅರ್ಧ ಇನ್ನೂ ಅದರೊಳಗಿದೆ. ಅದನ್ನು ತೆಗೆದು ಬಿಸಾಡುವಷ್ಟು ಮೂರ್ಖಳಲ್ಲ ನಾನು.

ನಿನ್ನೆ ಮಧ್ಯಾಹ್ನ ಪರೀಕ್ಷೆ. ಹಿಮದ ಗಾಡಿಯನ್ನು ಪುಣೆಯ ಬಿಸಿಲಲ್ಲಿ ಎಲ್ಲಿ ಓಡಿಸುವುದು? ಅಂಗಳದಲ್ಲಿ ಗೋಣಿತಾಟು ಹಾಸಿ, ಐಸ್ ಫ್ಯಾಕ್ಟರಿಯ ಗಡ್ಡೆಗಳನ್ನು ತರಿಸಿ ಸುತ್ತಿಗೆಯಲ್ಲಿ ಕುಟ್ಟಿ ಹರಡಿದೆವು. ಸಾಲದೆಂದು ಎದುರಿನ ಹೋಟೆಲಿನ ಕುಶಲ ಶೆಟ್ಟರ ಪೆಟ್ಟಿಗೆಯನ್ನೂ ಖಾಲಿ ಮಾಡಿದೆ. ಅವರು ಸೊಂಟಕ್ಕೆ ಕೈಕೊಟ್ಟು ನಿಂತು, “ಎಂತ ಮಾರಾಯ್ರೆ, ನನ್ನ ಗಿರಾಕಿಗಳಿಗೆ ಬೆಚ್ಚಗಿನ ಲಸ್ಸಿ, ನಿಮ್ಮ ಗಾಡಿಗೆ ಐಸಿನ ಹಾಸಿಗೆಯಾ?” ಎಂದು ಕೇಳಿದರು. ಕೇಳುತ್ತಲೇ ಇನ್ನೊಂದು ಬುಟ್ಟಿ ತಂದು ಸುರಿದರು.

ಟ್ಯಾಂಕಿಗೆ ಮೂಲೆಯ ಪಂಪಿನ ಸಾದಾ ಪೆಟ್ರೋಲು, ಅದಕ್ಕೆ ತಕ್ಕಷ್ಟು, ಇಂಜಿನ್ ಸವೆಯದಂತೆ ಪೆಟ್ರೋಲಿಗೇ ಬೆರೆಸುವ ಟೂಟಿ ಎಣ್ಣೆ. ಆಮೇಲೆ ನಾನು ಬೇಕೆಂದೇ ಒಂದಿಷ್ಟು ಸೀಮೆಎಣ್ಣೆಯನ್ನೂ ಬೆರೆಸಿದೆ. ಡಾಕ್ಟರು ಗಾಬರಿಯಾದರು. ಕಣಿವೆಗೆ ಬರುವುದು ಇಂಥದೇ, ಒಳ್ಳೆಯದಕ್ಕೆ ಪಾಸಾದರೆ ಏನು ಬಂತು ಎಂದೆ. ಹಿಂದೆ ಕೂರಲು ಯಾರೂ ಮುಂದೆ ಬರಲಿಲ್ಲ. ಆಗ ನಿಮ್ಮ ಅವ್ವ ಸೆರಗು ಬಿಗಿದು ಬಂದರು. “ಸರೀರಿ ಎಲ್ಲಾರು. ಹಡಿಯಾಕಿ ಕೂಡೂ ಜಾಗಾ ಅಲ್ಲೇನು ಇದು? ನಾಕು ಹಡದೀನಿ, ನಾ ಕೂಡ್ತೀನಿ. ಹೊಡಿಯವ್ವಾ ನೀ!” ಎಂದು ನನ್ನ ಸೊಂಟ ಹಿಡಿದು ಕೂತರು. ಹಗ್ಗ ಎಳೆದೆ. ಹೊತ್ತಿಕೊಂಡಿತು. ಅಂಗಳದ ಈ ತುದಿಯಿಂದ ಆ ತುದಿಗೆ, ಐಸು ಚಿಮ್ಮಿಸುತ್ತ, ನಾಗವ್ವ ಎಂಬ ನನ್ನ ಅತ್ತೆಯನ್ನು ಹೊತ್ತುಕೊಂಡು ಓಡಿತು! ನಿಮ್ಮ ಪಿಸ್ಟನ್ನು, ನನ್ನ ಪ್ಯಾಕಿಂಗು, ಬಡವರ ಪೆಟ್ರೋಲು. ಅತ್ತೆ ಇಳಿದ ಮೇಲೂ ಎಷ್ಟೋ ಹೊತ್ತು ನಗುತ್ತಿದ್ದರು. “ಇದನ್ನ ನೋಡಾಕ ಅವ ಇರಬೇಕಿತ್ತು” ಎಂದು ಒಮ್ಮೆ ಅಂದರು, ನಾನು ಕೇಳಿಸದವಳಂತೆ ಐಸು ಗುಡಿಸಿದೆ.

ನಿಮ್ಮ ಚೀಟಿ ಕಿತ್ತಿದ್ದೇನೆ. ಅದೇ ಜಾಗದಲ್ಲಿ ಹಿಂದಿಯಲ್ಲಿ ‘ಸಾದಾ ಪೆಟ್ರೋಲು ಸಾಕು’ ಎಂದು ಬಣ್ಣದಲ್ಲಿ ಬರೆಯಬೇಕೆಂದಿದೆ, ಇನ್ನೂ ಬರೆದಿಲ್ಲ. ಗಾಡಿ ಇವತ್ತು ಬೆಳಿಗ್ಗೆ ಲಾರಿ ಹತ್ತಿತು. ಓಣಿಯ ಜನವೆಲ್ಲ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ನಿಂತು ಕೈ ಬೀಸಿದರು. ಇದು ಯಾರ ಕೆಲಸ ಎಂದು ಲಾರಿಯವನು ಕೇಳಿದಾಗ, ಚನ್ನವೀರ–ಶಿವಾನಿಯರ ಕೆಲಸ ಎಂದೆ. ನಿಮ್ಮ ಹೆಸರನ್ನು ಮೊದಲು ಹೇಳಿದ್ದು ಮರ್ಯಾದೆಗಲ್ಲ. ಪಿಸ್ಟನ್ ಮೊದಲು, ಪ್ಯಾಕಿಂಗ್ ಆಮೇಲೆ.

ಸಿಟ್ಟಿರುವ, ಆದರೂ ನಿಮ್ಮವಳೇ ಆದ
ಶಿವಾನಿ

ತಾ.ಕ.: ಮೇಲೆ ಒಂದು ಮಾತು ಬರೆಯಲಿಲ್ಲ. ಅತ್ತೆಯನ್ನು ಕೂರಿಸಿಕೊಂಡು ಪೂರ್ತಿ ರೇಸ್ ಕೊಟ್ಟಾಗ ಒಮ್ಮೆ ‘ಟಕ್’ ಎಂದಿತು. ಪೆಟ್ರೋಲು ಸಿಡಿದದ್ದೋ, ಐಸಿನ ಗಡ್ಡೆ ಬೆಲ್ಟಿಗೆ ಬಡಿದದ್ದೋ ತಿಳಿಯಲಿಲ್ಲ. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಕೆಯನ್ನು ನಿಮ್ಮಂತೆಯೇ ಕಿವಿಗೆ ಹಚ್ಚಿ ಕೇಳಿದೆ, ಆಗಲೂ ತಿಳಿಯಲಿಲ್ಲ. ಡಾಕ್ಟರಿಗೆ ಅಲ್ಲೇ ಹೇಳಿದೆ. ನಿಮಗೆ ಹೇಳಲು ಇಷ್ಟು ಪುಟ ಬೇಕಾಯಿತು. ಟ್ಯಾಂಕಿನ ಮೇಲೆ ಇನ್ನೂ ಬರೆಯದಿರುವುದೂ ಇದಕ್ಕೇ. ಎತ್ತರದಲ್ಲಿ ಅದು ನಿಲ್ಲುತ್ತದೋ, ಇನ್ನೊಂದು ಪ್ಯಾಕಿಂಗ್ ಬೇಕೋ ಎಂದು ಕಣಿವೆಯಲ್ಲೇ ನಿಂತು ಕೇಳಿ ಹೇಳಬೇಕು. ಪ್ಯಾಕಿಂಗ್ ಚೀಲದಲ್ಲಿದೆ. ಅದನ್ನು ಕೇಳುವ ಕಿವಿ ಹಡಪಸರದಲ್ಲಿದೆ. ಇಬ್ಬರು ಬರುತ್ತೇವೆ ಎಂದು ಡಾಕ್ಟರಿಗೆ ಮಾತು ಕೊಟ್ಟಿದ್ದೇನೆ, ಟಿಕೆಟ್ಟೂ ಇಬ್ಬರದಾಗಿದೆ. ನೀವು ಬರದಿದ್ದರೆ ಒಬ್ಬಳೇ ಹೋಗುತ್ತೇನೆ, ಆದರೆ ಗಾಡಿಯನ್ನು ಆ ನರ್ಸಿನ ಕೈಗೆ ಕೊಡುವ ಧೈರ್ಯ ನನಗಿರುವುದಿಲ್ಲ. ಶನಿವಾರ, ಅಕ್ಟೋಬರ್ ಒಂಬತ್ತು, ಸಂಜೆ ನಾಲ್ಕು ಗಂಟೆ. ಪುಣೆ ಸ್ಟೇಷನ್, ಒಂದನೇ ಪ್ಲಾಟ್‌ಫಾರ್ಮು, ಪುಸ್ತಕದಂಗಡಿಯ ಮುಂದೆ.