ಲೆಕ್ಕ ಅಪ್ಪನ ಹತ್ತಿರ, ನಿದ್ದೆ ಅಮ್ಮನ ಹತ್ತಿರ

ಜೂನ್ ೧೨, ಗುರುವಾರ

ವಿಚ್ಛೇದನ ಎಂದೋ ಮುಗಿದಿತ್ತು, ಮಗಳು ಯಾರ ಜೊತೆ ಇರಬೇಕೆಂಬುದು ಮಾತ್ರ ಉಳಿದಿತ್ತು. ಇವತ್ತು ನ್ಯಾಯಾಧೀಶರು ಅವಳೊಬ್ಬಳನ್ನೇ ಒಳಗೆ ಕರೆಸಿಕೊಂಡರು. ನಾನು ಹೊರಗೆ ಬೆಂಚಿನ ಮೇಲೆ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಬೆಂಚಿನ ಆ ತುದಿಯಲ್ಲಿ ಅವಳಪ್ಪ ಉಗುರು ಕಚ್ಚುತ್ತಿದ್ದರು.

ಮಗಳು ನಗುತ್ತಲೇ ಹೊರಬಂದಳು. "ಯಾರು ಬೇಕು ಅಂತ ಕೇಳ್ಲೇ ಇಲ್ಲಮ್ಮಾ! ಅಪ್ಪ ಲೆಕ್ಕ ಚೆನ್ನಾಗಿ ಹೇಳ್ಕೊಡ್ತಾರೆ, ಅಮ್ಮನ ಹತ್ರ ನಿದ್ದೆ ಚೆನ್ನಾಗಿ ಬರುತ್ತೆ ಅಂದೆ."

ಅವಳಪ್ಪ ನನ್ನ ಕಡೆ ತಿರುಗಿ, "ಹಾಗಾದ್ರೆ ಸ್ಕೂಲಿದ್ದಾಗ ನಿನ್ನ ಹತ್ರಾನೇ ಇರ್ಲಿ. ಶನಿವಾರ, ಭಾನುವಾರ ನನ್ನ ಹತ್ರ ಕಳ್ಸು," ಎಂದರು. ಇಬ್ಬರೂ ಒಳಗೆ ಹೋಗಿ ಹೇಳಿದೆವು, ನ್ಯಾಯಾಧೀಶರು ಹಾಗೆಯೇ ಬರೆಸಿದರು. ವಾದಕ್ಕೆ ಸೊಂಟ ಕಟ್ಟಿ ಬಂದಿದ್ದ ನಮ್ಮಿಬ್ಬರ ವಕೀಲರ ಮುಖ ಸಪ್ಪಗಾಯಿತು.

ಈಗ ಮಗಳು ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗಿದ್ದಾಳೆ. ಅಬ್ಬಾ, ಮನಸ್ಸು ಎಷ್ಟು ಹಗುರವಾಗಿದೆ. ಶನಿವಾರ ರಾತ್ರಿ ಈ ಹಾಸಿಗೆಯಲ್ಲಿ ಒಬ್ಬಳೇ... ಇರಲಿ, ಅವಳು ಖುಷಿಯಾಗಿದ್ದರೆ ಸಾಕು.