ಬಾಯಿ ಮುಚ್ಚದ ಲಿಂಬೆಕಾಯಿ

ಮಸೂತಿ
ತಾ. 6 ಫೆಬ್ರುವರಿ 2025

ತಂಗಿ ಶಂಕ್ರೆವ್ವನಿಗೆ ಅಣ್ಣ ಸೋಮನಿಂಗನ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಯಿಂದ ಪತ್ರ ಬರೆಸಿದೆಯಲ್ಲ, ನಿನಗೆ ಏನು ಅನ್ನಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ನಾನು. ಆಮೇಲೆ ಪೆನ್ನು ಹಿಡಿದದ್ದು ಸಹಿ ಹಾಕಲಿಕ್ಕೆ ಮಾತ್ರ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯಕ್ಕೆ ಮುಂಜಾನೆಯಿಂದ ಕಟ್ಟೆಯ ಮೇಲೆ ಕುಳಿತು ಕಾಗದ ಹಾಳು ಮಾಡುತ್ತಿದ್ದೇನೆ. ಫೋನ್ ಮಾಡಿದರೆ ನೀನು, "ಎಣ್ಣಾ, ಬಾಯಿ ಸೊಟ್ಟಾದಾಗಿಂದ ನಿನ್ನ ಮಾತು ನನಗ ತಿಳಿಯೂದಿಲ್ಲ, ಆಮ್ಯಾಲ ಮಾತಾಡೂಣು" ಅಂತ ಇಟ್ಟುಬಿಡುತ್ತೀ. ಬೈದರೆ ಮಾತ್ರ ಪೂರ್ತಿ ತಿಳಿಯುತ್ತದೆ. ಇರಲಿ. ಅಕ್ಷರ ಸೊಟ್ಟಾಗಿಲ್ಲ, ಓದು.

ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಒಂದು ವಾರ ಕಾಯ್ದೆ. ಇಳಿಯಲಿಲ್ಲ. ಅದರ ಸಂಗಡವೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ನಿನ್ನ ವೈನಿಯ ಮೊಳಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ, ಅವಳು ಗಂಡನ ಮಾತು ಕೇಳುವುದಿಲ್ಲ. ಮಗ ಕುರಿ ಹೊಡೆದುಕೊಂಡು ಹೊಳೆಯ ದಂಡೆಯ ಕಡೆ ಹೋಗಿದ್ದಾನೆ. ಜೋಳ ಕೊಯ್ಲಿಗೆ ಬಂದಿದೆ. ಈ ಸಲ ಸೀತನಿ ತಿನ್ನಲಿಕ್ಕೆ ನೀನು ಬರಲಿಲ್ಲ. ಎಳೆ ತೆನೆ ಸುಡುವಾಗ ನಿನ್ನ ವೈನಿ ನಿನ್ನ ಪಾಲಿನದು ತೆಗೆದಿಟ್ಟು, ಸಂಜೆಗೆ ಬೈಯುತ್ತ ತಾನೇ ತಿಂದಳು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಆ ಲಿಂಬೆಕಾಯಿಯ ಸಂಗತಿಯಲ್ಲಿ ಕಡೆಯದನ್ನಷ್ಟೇ ನೋಡಿದ್ದೀ. ಮೊದಲಿನಿಂದ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ನನಗೆ ಲಕ್ವಾ ಹೊಡೆದು ಎಡಗೈ ಬಿದ್ದಾಗ ಬಾಗೇವಾಡಿಯ ಡಾಕ್ಟರ್ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕು ಅಂದಿದ್ದ. ಹಿಚುಕಿದೆ. ಕುರಿ ಉಣ್ಣೆ ಕತ್ತರಿಸಿ, ನೂಲು ಹಾಕಿ, ಕಂಬಳಿ ನೇಯ್ದ ಕೈ ಅದು. ಅದಕ್ಕೆ ಕೂಸಿನ ಆಟಿಕೆ ಕೊಟ್ಟು ಕೂಡಿಸಿದರೆ ಹೇಗಾಗಬೇಡ. ಒಂದು ದಿನ ತಲೆ ಕೆಟ್ಟು ಬೀದಿಗೆ ಎಸೆದೆ. ಅದು ಹೋಗಿ ಎದುರು ಮನೆಯ ಮೆಹರುನ್ನಿಸಾಳ ಬಾಗಿಲಿಗೆ ಬಡಿಯಿತು. ಆ ಹುಡುಗಿ ನಿನಗೆ ಗೊತ್ತು, ಬಟ್ಟೆ ಹೊಲಿಯುತ್ತಾಳೆ. ಶಾಲೆ ಬಿಟ್ಟ ಮೇಲೆ ಓಣಿಯ ಹುಡುಗಿಯರನ್ನು ಕೂಡಿಸಿಕೊಂಡು, ಕೊಕ್ಕೆ ಸೂಜಿಯಿಂದ ಉಲ್ಲನ್ ದಾರದ ಗೊಂಬೆ ಹೆಣೆಯುವುದನ್ನೂ ಕಲಿಸುತ್ತಾಳೆ. ಚೆಂಡು ತಂದು ಕಟ್ಟೆಯ ಮೇಲಿಟ್ಟು, "ಕಾಕಾ, ಒಗದ್ರ ಒಗೀರಿ. ಖರೆ ಕೈಗೆ ಕೆಲಸ ಬೇಕಲ್ಲ? ನೀವ ಒಂದು ಚೆಂಡು ಹೆಣೀರಿ" ಅಂದಳು.

ನಾನೇನು ಹೆಂಗಸೇ ಅಂತ ರೇಗಿದೆ.

"ಕಂಬಳಿ ನೇಯೂವಾಗ ಗಂಡಸರ ಕೆಲಸ ಅಂತೀರಿ. ಅದೂ ದಾರ, ಇದೂ ದಾರ. ಇಷ್ಟ ಸಣ್ಣ ಕೊಕ್ಕಿ ಕಂಡ್ರ ಅಂಜಿಕೀ ಏನ್ರಿ?"

ಇದನ್ನು ಕೇಳಿ ಸುಮ್ಮನಿರುವವನೇ ನಾನು? ಮರುದಿನ ಹೋಗಿ ಆ ಹುಡುಗಿಯರ ಸಾಲಿನಲ್ಲಿ ಕುಳಿತೆ.

ಹೊಸದಾಗಿ ಕಲಿಯುವವರು ಹಣ್ಣು, ಕಾಯಿಪಲ್ಯೆಯಿಂದಲೇ ಶುರು ಮಾಡಬೇಕಂತೆ. ಗೊಂಬೆಯ ಮೂಗು ಸೊಟ್ಟಾದರೆ ಕಾಣುತ್ತದೆ, ಲಿಂಬೆಕಾಯಿ ಸೊಟ್ಟಾದರೆ ಗಿಡದಲ್ಲೇ ಹಾಗಿತ್ತು ಅನ್ನಬಹುದು ಅಂತ ಅವಳ ಲೆಕ್ಕ. ನಾನು ಲಿಂಬೆಕಾಯಿಯನ್ನೇ ಹಿಡಿದೆ. ಯಾಕೆ ಅಂದರೆ ದಸರೆಯಲ್ಲಿ ನಿಮ್ಮ ಇಂಡಿ ತೋಟಕ್ಕೆ ಬಂದಾಗ ನಿನ್ನ ಮಗಳು ಸುನೀತಾಳ ಕೂಸು ಮುತ್ತು ಮಾಡಿದ್ದನ್ನು ನೋಡಿದ್ದೆ. ಅಂಬೆಗಾಲಿಟ್ಟು ಲಿಂಬೆಯ ರಾಶಿಗೆ ಹೋಗಿ ಒಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. ನೀನು ಕಸಿದುಕೊಂಡೆ. ಅವನು ಅಳುತ್ತಲೇ ಇನ್ನೊಂದಕ್ಕೆ ಕೈ ಹಾಕಿದ. ನಮ್ಮ ಪೈಕಿ ಕೂಸು ಅಂತ ಆಗಲೇ ಗೊತ್ತಾಯಿತು. ಹುಳಿ ಇಲ್ಲದ ಲಿಂಬೆ ಇವನಿಗೊಂದು ಬೇಕು ಅಂದುಕೊಂಡೆ.

ಹೆಣೆಯುವುದು ಹೇಳಿದಷ್ಟು ಸಸಾರ ಅಲ್ಲ. ಬಲಗೈಯಲ್ಲಿ ಕೊಕ್ಕೆ, ಎಡಗೈ ಬೆರಳಿಗೆ ದಾರ. ದಾರವನ್ನು ಬಿಗಿ ಹಿಡಿದರೆ ಕೊಕ್ಕೆ ಒಳಗೆ ಹೋಗುವುದಿಲ್ಲ, ಸಡಿಲ ಬಿಟ್ಟರೆ ಕಾಯಿಯ ಮೈಯೆಲ್ಲ ತೂತು. ನನ್ನ ಎಡಗೈ ಅಂತೂ ಮೊದಮೊದಲು ದಾರವನ್ನು ಹಾವಿನಂತೆ ಕೆಳಗೆ ಬಿಡುತ್ತಿತ್ತು. ಮೊದಲನೆಯದು ಟೋಪಿಯಾಯಿತು. ಸುತ್ತು ದೊಡ್ಡದು ಮಾಡುವುದು ಕಲಿತಿದ್ದೆ, ಸಣ್ಣದು ಮಾಡುವುದು ಕಲಿತಿರಲಿಲ್ಲ. ಹುಡುಗಿಯರು ಅದನ್ನು ಬೆಕ್ಕಿಗೆ ಹಾಕಿ ನಕ್ಕರು. ನಾನೂ ನಕ್ಕೆ. ನಂಬುವುದಾದರೆ ನಂಬು.

ಗಂಡಸರು ನಕ್ಕಿದ್ದು ಬೇರೆ ತರಹ. ಚಹಾದಂಗಡಿಯ ಪರಮಾನಂದ ನಾಲ್ಕು ಮಂದಿಯ ಮುಂದೆ, "ಲೇ ಸೋಮನಿಂಗ, ನಿನ್ನ ಕುಬಸ ಯಾವಾಗಪಾ? ಉಡಿ ತುಂಬಾಕ ನಾವೂ ಬರ್ತೇವಿ" ಅಂದ, ಬಸುರಿಗೆ ಮಾಡುವ ಕುಬಸವನ್ನು ನನಗೆ ಹಚ್ಚಿ. ಅವತ್ತಿನಿಂದ ನಾನು ಮನೆಯಲ್ಲಿ ಹೆಣೆಯುವುದನ್ನೇ ಬಿಟ್ಟು ಅವನ ಅಂಗಡಿಯ ಬಾಕಿನ ಮೇಲೆ, ಅವನ ಕಣ್ಣೆದುರಿಗೇ ಕುಳಿತು ಹೆಣೆದೆ. ನಗುವವರಿಗೆ ನಕ್ಕು ಬಾಯಿ ನೋಯಲಿ ಅಂತ. ಈಗ ಅವನೇ ಮೆಲ್ಲಗೆ ಬಂದು ಮೊಮ್ಮಗಳಿಗೆ ಒಂದು ಗಜ್ಜರಿ ಆದೀತೇನು ಅಂತ ಕೇಳುತ್ತಾನೆ. ಸಾಲಿನಲ್ಲಿ ನಿಲ್ಲು ಅಂದಿದ್ದೇನೆ.

ಕಡೆಗೆ ಒಂದು ಲಿಂಬೆಕಾಯಿ ದುಂಡಗೆ ಬಂತು. ಇಲ್ಲಿಯೇ ನಾನು ನಮ್ಮ ಮಂದಿಯ ಬುದ್ಧಿ ಓಡಿಸಿದ್ದು. ಕೈಯಲ್ಲಿ ಹಿಡಿದರೆ ಮೆತ್ತಗೆ, ಹಿಚುಕಿದರೆ ಚಪ್ಪಟೆ. ಮೆತ್ತಗಿನ ಕಂಬಳಿಯನ್ನು ನಾವು ಯಾರಾದರೂ ಸಂತೆಗೆ ಒಯ್ದೇವೇ? ಹುಣಸೆ ಬೀಜ ಹುರಿದು, ಅರೆದು, ಗಂಜಿ ಕುದಿಸಿ, ಕಂಬಳಿಗೆ ಬಳಿಯುವ ಹಾಗೆ ಲಿಂಬೆಕಾಯಿಗೂ ಬಳಿದೆ. ಮಾಳಿಗೆಯ ಮೇಲೆ ಒಣಗಿಸಿದೆ. ಕಲ್ಲಾಯಿತು. ಬಣ್ಣವೂ ಕಂದಿ, ಹೋದ ವರ್ಷದ ಒಣ ಲಿಂಬೆಕಾಯಿಯ ಹಾಗಾಯಿತು. ನನಗೆ ಅದೇ ಚೆಂದ ಕಂಡಿತು, ಥೇಟ್ ಲಿಂಬೆಯಾಯಿತಲ್ಲ ಅಂತ. ಸುತ್ತು ಎಲ್ಲಿ ಶುರುವಾಯಿತು ಅಂತ ಗುರುತಿಗೆ ಒಂದು ಪಿನ್ನು ಚುಚ್ಚಿ ಕೆಂಪು ದಾರ ಕಟ್ಟಿರುತ್ತಾರೆ. ಅದು ಗಂಜಿಯಲ್ಲಿ ಅಂಟಿ ಕುಳಿತಿತ್ತು. ಆಮೇಲೆ ತೆಗೆಯೋಣ ಅಂದವನು ಮರೆತೆ. ಮೆಹರುನ್ನಿಸಾ ಇದ್ದಿದ್ದರೆ ಕಸಿದುಕೊಳ್ಳುತ್ತಿದ್ದಳು. ಅವಳು ಮುದ್ದೇಬಿಹಾಳಕ್ಕೆ ತವರಿಗೆ ಹೋಗಿದ್ದಳು.

ಅದನ್ನು ಪೇಪರಿನಲ್ಲಿ ಸುತ್ತಿ, ಸಿಂದಗಿಗೆ ಹೋಗುವ ಪರಿಚಯದ ಡ್ರೈವರನ ಕೈಗೆ ಕೊಟ್ಟು, ಸುನೀತಾಳ ಮನೆಗೆ ಮುಟ್ಟಿಸು ಅಂದೆ. ಬಾಗಿಲು ಹಾಕಿತ್ತಂತೆ. ಆ ಪುಣ್ಯಾತ್ಮ ಹೊಸ್ತಿಲ ಮೇಲಿಟ್ಟು ಬಂದ. ಅವತ್ತು ಅಮಾವಾಸ್ಯೆ. ನಾನೇನು ಕ್ಯಾಲೆಂಡರ್ ನೋಡಿ ಕಳಿಸಿದ್ದೆನೇ?

ಮುಂದಿನದು ನಿನ್ನ ಕಣ್ಣೆದುರಿಗೇ ಆಗಿದೆ. ಕೂಸಿನ ಮೊದಲ ಕೂದಲು ತೆಗೆಸುವ ಜಾವಳದ ಮಾತುಕತೆಗೆ ಅಂತ ನೀನೂ ಅಲ್ಲಿಯೇ ಇದ್ದೆ. ಸುನೀತಾಳ ಅತ್ತೆ ಜಯಮಾಲಾ ಪೇಪರ್ ಬಿಚ್ಚಿದಳು. ಒಣಗಿದ ಲಿಂಬೆ, ಚುಚ್ಚಿದ ಪಿನ್ನು, ಕೆಂಪು ದಾರ. ಮಾಟ ಅಂತ ಮೂರು ದಾರಿ ಕೂಡುವಲ್ಲಿ ಒಯ್ದು ಎಣ್ಣೆ ಸುರಿದು ಸುಟ್ಟಳು. ಅಂಗಡಿಯ ಉಲ್ಲನ್ ದಾರ ಕುರಿ ಉಣ್ಣೆಯಲ್ಲ, ಬೆಂಕಿಗೆ ಕರಗುತ್ತದೆ, ಕರಿ ಹನಿ ತೊಟ್ಟಿಕ್ಕುತ್ತದೆ. ಅದಕ್ಕೂ ಒಂದು ಅರ್ಥ ಹಚ್ಚಿದರು. ಸಂಜೆ ನಾನು ಖುಷಿಯಿಂದ ಸುನೀತಾಳಿಗೆ ಫೋನ್ ಮಾಡಿ, ನಾನು ಕಳಿಸಿದ ಲಿಂಬೆಕಾಯಿ ಮುಟ್ಟಿತೇನವ್ವ ಅಂತ ಕೇಳಿದೆ. ಫೋನು ಸ್ಪೀಕರಿನಲ್ಲಿತ್ತಂತೆ. ಆಗ ಮಾತ್ರ ನನ್ನ ಮಾತು ಎಲ್ಲರಿಗೂ ಸರಿಯಾಗಿ ತಿಳಿಯಿತು.

ಕೈಯಾರೆ ಹೆಣೆದ ಆಟಿಕೆ ಅಂತ ಹೇಳಿದೆ. ಹಿಂದಿನಿಂದ ಬೀಗತಿಯ ದನಿ ಕೇಳಿಸಿತು. "ಗಂಡಸು ಮನಶ್ಯಾ ಉಲ್ಲನ್ ಹೆಣದು ಲಿಂಬಿಕಾಯಿ ಮಾಡತಾನಂತ. ಸುಳ್ಳ ಹೇಳಾಕೂ ಒಂದು ರೀತಿ ಇರತೈತಿ."

ಎರಡು ದಿನ ಬಿಟ್ಟು ನಿನ್ನ ಫೋನ್ ಬಂತು. "ಎಣ್ಣಾ, ಜಾವಳಕ್ಕ ಬಾ, ಉಂಡು ಹೋಗು. ಖರೆ ಕೂಸಿನ್ನ ಅನೀಲಕುಮಾರ ತೊಡಿಮ್ಯಾಲ ಕುಂದರಿಸ್ಕೋತಾನ. ನಿನ್ನ ಕೈ ನಡಗತೈತಲ್ಲ."

ಉಂಡು ಹೋಗಲಿಕ್ಕೆ ನನ್ನ ಮನೆಯಲ್ಲಿ ರೊಟ್ಟಿ ಇಲ್ಲವೇ ಶಂಕ್ರೆವ್ವ?

ಜಾವಳ ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಸುನೀತಾಳಿಗೆ ಬೆನ್ನಿಗೆ ಬಿದ್ದ ಅಣ್ಣತಮ್ಮ ಇಲ್ಲ. ತೊಟ್ಟಿಲ ದಿನ ಎಲ್ಲರ ಮುಂದೆ ನೀನೇ, ಮುತ್ತುವಿನ ಜಾವಳಕ್ಕೆ ನಮ್ಮಣ್ಣನದೇ ತೊಡೆ ಅಂದೆ. ಸುನೀತಾಳ ಜಾವಳಕ್ಕೂ ನನ್ನದೇ ತೊಡೆ ಇತ್ತು. ಅವಳು ನನ್ನ ಹೊಸ ಧೋತರ ತೋಯಿಸಿದಳು, ಕತ್ತಿ ತಲೆಯ ಮೇಲಿದೆ ಅಂತ ನಾನು ಮಿಸುಕಲಿಲ್ಲ. ಅನೀಲಕುಮಾರ ನಿನ್ನ ಮೈದುನನ ಮಗ, ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೈ ನಡುಗುತ್ತದೆ ಅನ್ನುವ ನೆವ ನನಗೆ ಹೇಳಬೇಡ. ಕೂಸು ಕೂರುವುದು ತೊಡೆಯ ಮೇಲೆ. ತೊಡೆ ನಡುಗುವುದಿಲ್ಲ. ಕೈಯೂ ಮೊದಲಿನ ಹಾಗೆ ನಡುಗುವುದಿಲ್ಲ. ಅದಕ್ಕೆ ಸಾಕ್ಷಿ ಇದರ ಜೊತೆಗೇ ಇದೆ, ಬಿಚ್ಚಿ ನೋಡು.

ಅದು ಅರ್ಧ ಲಿಂಬೆಕಾಯಿ. ಈ ಸಲ ಯಾವ ಡ್ರೈವರನಿಗೂ ಕೊಟ್ಟಿಲ್ಲ, ಬಾಗೇವಾಡಿಯ ಟಪಾಲು ಕಚೇರಿಯಿಂದ ನಿನ್ನ ಹೆಸರಿಗೇ ಕಳಿಸುತ್ತಿದ್ದೇನೆ. ಬೇಕಂತಲೇ ಬಾಯಿ ಮುಚ್ಚಿಲ್ಲ. ಒಳಗೆ ಬೆರಳು ಹಾಕಿ ನೋಡು. ಬೇಕಾದರೆ ಮಗುಚಿ ನೋಡು, ಬೀಗತಿಗೂ ತೋರಿಸು. ಏನೂ ಇಲ್ಲ. ಮಧ್ಯದಲ್ಲಿ ದಾರದ ಉಂಗುರ ಮಾಡಿ ಆರು ಕುಣಿಕೆ ಹಾಕಿದ್ದೇನೆ, ಅಲ್ಲಿಂದ ಸುತ್ತು ಬೆಳೆಸುತ್ತ ಬಂದಿದ್ದೇನೆ, ಒಂದೂ ತಪ್ಪಿಲ್ಲ. ಉಳಿದ ಅರ್ಧ ನೀನು ಹೆಣೆಯಬೇಕು. ಕೊಕ್ಕೆ ಸೂಜಿ, ಹಳದಿ ದಾರ ಜೊತೆಗಿವೆ. ನೀನು ಕೌದಿ ಹೊಲಿಯುವವಳು, ಬರುವುದಿಲ್ಲ ಅನ್ನಬೇಡ. ಎರಡು ಕುಣಿಕೆಯಲ್ಲಿ ಕೊಕ್ಕೆ ತೂರಿಸಿ ಎರಡನ್ನೂ ಒಂದಾಗಿ ಎಳೆ. ಹಾಗೇ ಎಳೆಯುತ್ತ ಹೋದರೆ ಸುತ್ತು ತಾನೇ ಸಣ್ಣದಾಗುತ್ತದೆ. ಬಾಯಿ ಬೆರಳು ಹೋಗುವಷ್ಟು ಉಳಿದಾಗ ಹತ್ತಿ ತುಂಬು. ಬೀಜ ಇಲ್ಲದ ಹತ್ತಿ. ಕುರಿ ಉಣ್ಣೆ ತುಂಬಬೇಡ, ನಾಯಿ ಎತ್ತಿಕೊಂಡು ಹೋಗುತ್ತದೆ, ನಮ್ಮಲ್ಲಿ ಆಗಿದೆ. ಗಂಜಿ ಹಚ್ಚಬೇಡ, ಕೂಸಿಗೆ ಮೆತ್ತಗಿನದೇ ಬೇಕಂತೆ, ಈಗ ತಿಳಿಯಿತು. ಕಡೆಯ ಕುಣಿಕೆ ಬಿಗಿದು ದಾರದ ತುದಿಯನ್ನು ಒಳಗೆ ಹುದುಗಿಸು.

ಪಿನ್ನು, ಕೆಂಪು ದಾರ ಇದರಲ್ಲಿಯೂ ಇವೆ. ಮರೆತು ಬಿಟ್ಟದ್ದಲ್ಲ. ಅದು ಸುತ್ತಿನ ಗುರುತು, ಅಷ್ಟೇ. ಮುಚ್ಚುವ ಮೊದಲು ನಿನ್ನ ಕೈಯಿಂದಲೇ ತೆಗೆ. ಆಮೇಲೆ ಮುತ್ತುವಿನ ಕೈಗೆ ನೀನೇ ಕೊಡು. ಅವನು ಬಾಯಿಗೆ ಹಾಕಿಕೊಳ್ಳಲಿ, ನೀನು ನೋಡುತ್ತ ನಿಲ್ಲು.

ಇಪ್ಪತ್ಮೂರನೇ ತಾರೀಖಿನ ಜಾವಳಕ್ಕೆ ನಾನು ಸಿಂದಗಿಗೆ ಬರುವವನೇ. ಮನೆಯ ಮುಂದಿನ ಕಟ್ಟೆಯ ಮೇಲೆ, ಬಂದ ಬೀಗರ ನಡುವೆ ಕುಳಿತು ಇನ್ನೊಂದು ಲಿಂಬೆಕಾಯಿಯನ್ನು ಮೊದಲಿನಿಂದ ಹೆಣೆಯುತ್ತೇನೆ. ಗಂಡಸು ಹೆಣೆಯುತ್ತಾನೋ ಇಲ್ಲವೋ ನೋಡುವವರು ನೋಡಲಿ. ಹೆಣೆದು ಮುಗಿದ ಮೇಲೆ ತೊಡೆ ಒರೆಸಿಕೊಂಡು ಕೂರುತ್ತೇನೆ. ಕೂಸನ್ನು ತಂದು ಕೂರಿಸುವುದು ಬಿಡುವುದು ನಿಮ್ಮದು. ಏಳುವುದು ಏಳದಿರುವುದು ನನ್ನದು.

ನಿನ್ನ ಗಂಡನಿಗೆ ಕೇಳಿದೆನೆಂದು ಹೇಳು. ತೋಟ ಚೆನ್ನಾಗಿರಲಿ. ಸುನೀತಾ, ಅವಳ ಗಂಡ, ಕೂಸು ಎಲ್ಲರೂ ಸುಖವಾಗಿರಲಿ. ಬೀಗತಿಯೂ ಸುಖವಾಗಿರಲಿ, ಅವಳಿಗೆ ಕೇಡು ಬಯಸಿದರೆ ಅವಳ ಮಾತೇ ಖರೆ ಆದೀತು.

ನಿನ್ನ ಅಣ್ಣ
ಸೋಮನಿಂಗ

ತಾ. ಕ.: ಇದನ್ನು ಬರೆಯಬಾರದು ಅಂತ ಲಕೋಟೆ ಮುಚ್ಚಿದ್ದೆ. ಮತ್ತೆ ಬಿಚ್ಚಿದೆ. ಬೀಗತಿ ಅಂದದ್ದು ನನಗೆ ತಾಗಿಲ್ಲ. ಅವಳು ನನ್ನನ್ನು ನೋಡಿದ್ದು ಎರಡು ಸಲ. ಸುನೀತಾ ನಿನ್ನೆ ಅಳುತ್ತ ಇನ್ನೊಂದು ಹೇಳಿದಳು. ಆ ಸಂಜೆ ನನ್ನ ಫೋನ್ ಇಟ್ಟ ಮೇಲೆ ನೀನೇ ಎದ್ದು, ಯಾರೂ ಹೇಳದೆ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕೂಸಿಗೆ ದೃಷ್ಟಿ ತೆಗೆದೆಯಂತೆ. ಓಣಿಯವರ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು ಅಂತ ಅನ್ನುತ್ತ, ಒಲೆಗೆ ಹಾಕುವ ಮುಂದೆ ದನಿ ತಗ್ಗಿಸಿ, "ಮಸೂತಿ ಕಣ್ಣು" ಅಂದೆಯಂತೆ. ಈ ಮಸೂತಿ ಊರಿನಲ್ಲಿ ನಿನಗೆ ಯಾರಿದ್ದಾರೆ, ನನ್ನ ಬಿಟ್ಟು? ಚಿಕ್ಕಂದಿನಲ್ಲಿ ನಿನ್ನ ಎರಡೂ ಕಣ್ಣು ಬೇನೆ ಬಂದು ಮುಚ್ಚಿದಾಗ ಕೈ ಹಿಡಿದು ಹೊಲಕ್ಕೆ, ಬಾವಿಗೆ ತಿರುಗಿಸಿದವನ ಕಣ್ಣು ಅದು. ಅಂದೆಯೋ, ಇಲ್ಲವೋ? ಜಾವಳದ ಮಾತು ಆಮೇಲೆ. ಮೊದಲು ಇದಕ್ಕೆ ನಿನ್ನ ಕೈಯಿಂದ ಉತ್ತರ ಬರೆ. ಹದಿನೆಂಟನೇ ತಾರೀಖಿನೊಳಗೆ ನನಗೆ ಮುಟ್ಟಬೇಕು.